ಕಿಂದರಿಜೋಗಿಯ ಹಿಂದೆ

ಕಥೆಯನ್ನು ಕೇಳುವುದು ಒಂದು ಬಗೆಯ ಸಂತೋಷವಾದರೆ, ಕೇಳಿದ ಕಥೆಯನ್ನು ಆಡಿ ತೋರಿಸುವುದು ಇನ್ನೊಂದು ಬಗೆಯ ಸಂತೋಷ. ಮನೆಯ ಅಂಗಳದಲ್ಲಿ ಆಡುವ ಮಕ್ಕಳನ್ನು ಗಮನಿಸಿರಿ. ಒಬ್ಬಳು ಅಮ್ಮನಾಗುತ್ತಾಳೆ, ಒಬ್ಬ ಮೇಷ್ಟ್ರಾಗುತ್ತಾನೆ, ಮತ್ತೊಬ್ಬ ಬಸ್ಸಿನ ಕಂಡಕ್ಟರನಾಗಿ ಒಣಗಿದ ಎಲೆಗಳನ್ನು ಹರಿದು ಟಿಕೀಟು ಕೊಡುತ್ತಾನೆ. ಅವರಿಗೆ ಪಾತ್ರ ಹಂಚಿದವರು ಯಾರೂ ಇಲ್ಲ, ಬಣ್ಣ ಬಳಿದವರೂ ಇಲ್ಲ. ಆದರೂ ಆಟ ಮುರಿಯುವವರೆಗೆ ಆ ಕಂಡಕ್ಟರನು ಕಂಡಕ್ಟರನೇ; ಎಲೆಯಿಲ್ಲದೆ ಯಾರನ್ನೂ ಅವನು ಬಸ್ಸು ಹತ್ತಗೊಡುವುದಿಲ್ಲ. ಈ ಆಟಕ್ಕೆ ಒಂದು ಕಥೆ, ಹಾಡುವ ಒಂದು ಮೇಳ, ಎದುರಿಗೆ ಕುಳಿತು ನೋಡುವ ನಾಲ್ಕು ಜನ ಇಷ್ಟು ಸೇರಿದರೆ ಅದೇ ಮಕ್ಕಳ ನಾಟಕವಾಗುತ್ತದೆ.

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ಊರೂರುಗಳಲ್ಲಿಯೂ ಒಂದು ವಿಶೇಷ ನಾಟಕ ನಡೆಯುತ್ತದೆ. ಅದನ್ನು ಅವರು ಪ್ಯಾಂಟೊಮೈಮ್ ಎಂದು ಕರೆಯುತ್ತಾರೆ. ಮೂಲದಲ್ಲಿ ಈ ಮಾತಿಗೆ ಎಲ್ಲವನ್ನೂ ಅನುಕರಿಸುವವನು ಎಂದು ಅರ್ಥ. ಪ್ರಾಚೀನ ರೋಮ್ ನಗರದಲ್ಲಿ ಮುಖವಾಡ ಧರಿಸಿದ ಒಬ್ಬನೇ ನರ್ತಕ ಮಾತಿಲ್ಲದೆ ಕಥೆಯ ಎಲ್ಲ ಪಾತ್ರಗಳನ್ನೂ ಅಭಿನಯಿಸುತ್ತಿದ್ದನು. ಪಕ್ಕದಲ್ಲಿ ಮೇಳದವರು ಹಾಡುತ್ತಿದ್ದರು. ಕಾಲ ಕಳೆದಂತೆ ಆ ಹೆಸರು ಉಳಿದು, ಆಟ ಮಾತ್ರ ಪೂರ್ತಿಯಾಗಿ ಬದಲಾಯಿತು. ಇಂದಿನ ಇಂಗ್ಲಿಷ್ ಪ್ಯಾಂಟೊಮೈಮ್ ಮೌನದ ಆಟವಲ್ಲ, ಗದ್ದಲದ ಆಟ. ಸಿಂಡ್ರೆಲಾ, ಅಲ್ಲಾದೀನ ಮುಂತಾದ ಕಿನ್ನರ ಕಥೆಗಳೇ ಅದರ ವಸ್ತು. ಮುದುಕಿಯ ವೇಷವನ್ನು ಗಂಡಸೊಬ್ಬನು ಹಾಕಿ ನಗಿಸುತ್ತಾನೆ. ಇಬ್ಬರು ಒಂದೇ ಚರ್ಮದೊಳಗೆ ಹೊಕ್ಕು, ಒಬ್ಬನು ಮುಂಗಾಲು ಒಬ್ಬನು ಹಿಂಗಾಲು ಆಗಿ, ಹಸುವನ್ನೋ ಕುದುರೆಯನ್ನೋ ಕುಣಿಸುತ್ತಾರೆ. ದುಷ್ಟ ಪಾತ್ರ ನಾಯಕನ ಬೆನ್ನ ಹಿಂದೆ ಬಂದು ನಿಂತರೆ, ನೋಡುವ ಮಕ್ಕಳು ಕುಳಿತಲ್ಲಿಂದಲೇ ಕೂಗಿ ಅವನನ್ನು ಎಚ್ಚರಿಸುತ್ತಾರೆ. ಹಾಗೆ ಕೂಗದೆ ಸುಮ್ಮನಿದ್ದರೆ ಅಲ್ಲಿ ಆಟ ಸಪ್ಪೆಯಾಯಿತೆಂದೇ ಲೆಕ್ಕ!

ಇದನ್ನು ಓದಿ ಇದೆಲ್ಲ ಪರದೇಶದ ಸಂಗತಿ ಎಂದು ನೀವು ಭಾವಿಸಬೇಕಾಗಿಲ್ಲ. ನಮ್ಮ ಬಯಲಾಟದ ಸಾರಥಿಯನ್ನು ನೆನೆದುಕೊಳ್ಳಿರಿ. ರಾಜನ ಪಾತ್ರ ಒಡ್ಡೋಲಗಕ್ಕೆ ಬಂದರೆ ಅವನನ್ನು ಮಾತಾಡಿಸುವವನು ಸಾರಥಿ. ಸಭೆಯ ಪರವಾಗಿ ಅವನ ಹೆಸರು, ಊರು, ಬಂದ ಕಾರಣಗಳನ್ನು ವಿಚಾರಿಸುವವನೂ ಅವನೇ. ನಡುನಡುವೆ ಅವನು ಊರ ಜನರ ಕಡೆಗೆ ತಿರುಗಿ ಆ ದಿನದ ಸುದ್ದಿಯನ್ನು ಸೇರಿಸಿ ನಗಿಸುತ್ತಾನೆ. ಕುದುರೆಯ ಚೌಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿಯುವ ಕೀಲುಕುದುರೆ, ಮನೆಮನೆಯ ಮುಂದೆ ಬರುವ ಹಗಲುವೇಷ ಇವೆಲ್ಲ ನಮ್ಮ ಬಯಲುಸೀಮೆಯವರಿಗೆ ಹೊಸವಲ್ಲ. ಸ್ತ್ರೀಪಾತ್ರವನ್ನು ಗಂಡಸರು ವಹಿಸುವುದಂತೂ ನಮ್ಮ ಬಯಲಾಟದಲ್ಲಿ ಬಹು ಕಾಲದಿಂದ ನಡೆದುಬಂದ ಪದ್ಧತಿ. ಜಾತ್ರೆಯ ದಿನಗಳಲ್ಲಿ ಡೇರೆ ಹಾಕುತ್ತಿದ್ದ ವೃತ್ತಿ ನಾಟಕ ಕಂಪನಿಗಳು ಬೇರೆ. ದಾವಣಗೆರೆಯ ಚಿಂದೋಡಿ ಮನೆತನದವರ ಕಂಪನಿಯನ್ನು ಜನ ಪ್ರೀತಿಯಿಂದ ಕೆ.ಬಿ.ಆರ್. ಡ್ರಾಮಾ ಕಂಪನಿ ಎನ್ನುತ್ತಿದ್ದರು. ಆ ಮನೆತನದ ಚಿಂದೋಡಿ ಲೀಲಾ ಅವರು ಎಳವೆಯಲ್ಲಿಯೇ ರಂಗಕ್ಕೆ ಬಂದು, 2010ರಲ್ಲಿ ತೀರಿಕೊಳ್ಳುವವರೆಗೂ ರಂಗದ ನಂಟನ್ನು ಬಿಡಲಿಲ್ಲ.

ಆದರೆ ದೊಡ್ಡವರ ನಾಟಕದಲ್ಲಿ ಮಕ್ಕಳು ಕಾಣಿಸಿಕೊಳ್ಳುವುದೇ ಬೇರೆ, ಮಕ್ಕಳೇ ಕೂಡಿ ಮಕ್ಕಳ ಕಥೆಯನ್ನು ಆಡುವುದೇ ಬೇರೆ. ಕನ್ನಡದಲ್ಲಿ ಈ ಎರಡನೆಯದಕ್ಕೂ ಒಂದು ಚರಿತ್ರೆ ಉಂಟು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗವನ್ನು ನಡೆಸಿದರು. ಕುವೆಂಪು ಅವರು ತಾರುಣ್ಯದಲ್ಲಿಯೇ ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ ಎಂಬ ಮಕ್ಕಳ ನಾಟಕಗಳನ್ನು ಬರೆದರು. ಬಾಲಕನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು. ಇಷ್ಟು ದೊಡ್ಡ ಸ್ಥಾನಗಳಲ್ಲಿದ್ದರೂ ಅವರು ಮಕ್ಕಳ ನಾಟಕವನ್ನು ಚಿಕ್ಕ ಕೆಲಸವೆಂದು ಎಣಿಸಲಿಲ್ಲ. ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ಆಧರಿಸಿದ ಅವರ ‘ಪಂಜರ ಶಾಲೆ’ಯನ್ನು ಅನೇಕ ಶಾಲೆಗಳ ಮಕ್ಕಳು ಆಡಿದ್ದಾರೆ. ಕಾರಂತರ ಸಂಗೀತದ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಬೇಕು. ಹಾರ್ಮೋನಿಯಂ, ತಬಲಗಳಷ್ಟೇ ವಾದ್ಯಗಳೆಂದು ಅವರು ತಿಳಿದಿರಲಿಲ್ಲ. ಕಲ್ಲು, ಡಬ್ಬ, ಕೋಲು, ಮನುಷ್ಯನ ಗಂಟಲು ಯಾವುದರಿಂದ ನಾದ ಹೊರಟರೂ ಅದನ್ನು ನಾಟಕಕ್ಕೆ ದುಡಿಸಿಕೊಳ್ಳುತ್ತಿದ್ದರು. ಹಳ್ಳಿಯ ಶಾಲೆಗೆ ಇದಕ್ಕಿಂತ ಧೈರ್ಯ ತುಂಬುವ ಪಾಠ ಇನ್ನಾವುದು? ಅವರ ಪತ್ನಿ ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ ಮಕ್ಕಳ ನಾಟಕಕ್ಕಾಗಿ ಬಹುಕಾಲ ದುಡಿದರು. ವೈದೇಹಿ ಅವರ ‘ನಾಯಿಮರಿ ನಾಟಕ’ದಂಥ ಕೃತಿಗಳು ಬಂದ ಮೇಲೆ, ಆಡಲು ನಾಟಕವಿಲ್ಲ ಎಂಬ ಮೇಷ್ಟ್ರುಗಳ ನೆಪವೂ ಇಲ್ಲವಾಯಿತು.

ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಹೆಸರನ್ನು ನೀವು ಚರಿತ್ರೆಯ ಪಾಠದಲ್ಲಿ ಕೇಳಿರಬಹುದು. ಶಿವಾಜಿಯ ತಂದೆ ಶಹಾಜಿ ಭೋಂಸ್ಲೆಯ ಸಮಾಧಿ ಇರುವುದು ಅಲ್ಲಿಯೇ. ಅದೇ ಹೊದಿಗೆರೆಯಲ್ಲಿ 1944ರಲ್ಲಿ ಹುಟ್ಟಿದ ಎಚ್. ಎಸ್. ವೆಂಕಟೇಶಮೂರ್ತಿ ಅವರು ಮಕ್ಕಳಿಗಾಗಿ ಪದ್ಯಗಳನ್ನೂ ನಾಟಕಗಳನ್ನೂ ಬರೆದರು. 1993ರಲ್ಲಿ ತೆರೆಕಂಡ ‘ಚಿನ್ನಾರಿ ಮುತ್ತ’ ಚಿತ್ರದ ಹಾಡುಗಳು ಅವರವೇ. 2025ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ, ಆ ಹಾಡುಗಳನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ಅನೇಕರು ನನಗೆ ದೂರವಾಣಿಯಲ್ಲಿ ಮಾತಾಡಿದರು. ಅವರಲ್ಲಿ ಕೆಲವರಿಗೆ ಆಗಲೇ ಮೊಮ್ಮಕ್ಕಳನ್ನು ಕಾಣುವ ವಯಸ್ಸು ಹತ್ತಿರವಾಗಿತ್ತು!

ಇನ್ನು ನಾನು ಹೇಳಹೊರಟ ನಾಟಕದ ವಿಷಯಕ್ಕೆ ಬರುತ್ತೇನೆ. ಅದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಅದು ನಾಟಕವಲ್ಲ, ಕಥನಕವನ ಎಂದು ನೀವು ಆಕ್ಷೇಪಿಸಬಹುದು. ನಿಜ. ಆದರೆ ನಾಟಕವಾಗಲೆಂದೇ ಕಾಯುತ್ತಿರುವ ಕವನ ಅದು. ಅದರ ಕಥೆ ಬಹಳ ದೂರದಿಂದ ನಡೆದು ಬಂದಿದೆ. ಜರ್ಮನಿಯ ವೇಸರ್ ನದಿಯ ದಡದಲ್ಲಿ ಹ್ಯಾಮೆಲಿನ್ ಎಂಬ ಪಟ್ಟಣವಿದೆ. 1284ನೆಯ ಇಸವಿಯಲ್ಲಿ ಬಣ್ಣಬಣ್ಣದ ಉಡುಪಿನ ಒಬ್ಬ ಕೊಳಲೂದುವವನು ಆ ಊರಿನ 130 ಮಕ್ಕಳನ್ನು ಕರೆದುಕೊಂಡು ಹೋದನೆಂದೂ ಅವರು ಮತ್ತೆ ಬರಲಿಲ್ಲವೆಂದೂ ಅಲ್ಲಿಯ ಐತಿಹ್ಯ. ವಿಚಿತ್ರವೆಂದರೆ ಮೊದಲಿನ ದಾಖಲೆಗಳಲ್ಲಿ ಇಲಿಗಳ ಮಾತೇ ಇಲ್ಲ. ಹೋದ ಮಕ್ಕಳ ದುಃಖವಷ್ಟೇ ಇದೆ. ಇಲಿಗಳು ಕಥೆಯೊಳಗೆ ನುಸುಳಿದ್ದು 16ನೆಯ ಶತಮಾನದಲ್ಲಿ. ಮಕ್ಕಳು ಏಕೆ ಹೋದರು ಎಂಬುದಕ್ಕೆ ಜನ ಒಂದು ಕಾರಣವನ್ನು ಹುಡುಕಿರಬೇಕು. ಇಲಿಗಳನ್ನು ಓಡಿಸಿದವನಿಗೆ ಊರಿನ ಹಿರಿಯರು ಆಡಿದ ಮಾತಿನಂತೆ ಹಣ ಕೊಡಲಿಲ್ಲ ಎಂಬುದೇ ಆ ಕಾರಣ.

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಇದನ್ನು ಕವನವಾಗಿಸಿದನು. ಮ್ಯಾಕ್ರೀಡಿ ಎಂಬ ಪ್ರಸಿದ್ಧ ನಟನ ಮಗ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದನು. ಆ ಹುಡುಗನಿಗೆ ಚಿತ್ರ ಬರೆಯುವ ಹವ್ಯಾಸ. ಮಲಗಿದಲ್ಲಿಯೇ ಚಿತ್ರ ಬಿಡಿಸಲು ಅವನಿಗೊಂದು ವಸ್ತು ಸಿಕ್ಕಲೆಂದು ಬ್ರೌನಿಂಗ್ ಬರೆದ ಪದ್ಯ 1842ರಲ್ಲಿ ಅಚ್ಚಾಯಿತು. ಕಾಯಿಲೆಯ ಮಗುವಿಗಾಗಿ ಹುಟ್ಟಿದ ಆ ಪದ್ಯದಲ್ಲಿ, ಎಲ್ಲ ಮಕ್ಕಳೂ ಬೆಟ್ಟದೊಳಗೆ ಹೊಕ್ಕಾಗ ಕಾಲು ಸಾಗದ ಒಬ್ಬ ಬಾಲಕ ಮಾತ್ರ ಹಿಂದೆ ಉಳಿಯುತ್ತಾನೆ.

ಕುವೆಂಪು ಈ ಕಥೆಯನ್ನು ಭಾಷಾಂತರಿಸಿದರೆಂದು ಹೇಳಿದರೆ ಸಾಲದು. ಅದನ್ನು ಕಿತ್ತು ತಂದು ನಮ್ಮ ಮಣ್ಣಿನಲ್ಲಿ ನೆಟ್ಟರು. ವೇಸರ್ ನದಿ ತುಂಗೆಯಾಯಿತು. ಪುರಸಭೆಯ ಅಧ್ಯಕ್ಷ ಹೋಗಿ ಹಳ್ಳಿಯ ಗೌಡ ಬಂದ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳಲೂದುವವನು ಕಿಂದರಿ ನುಡಿಸುವ ಜೋಗಿಯಾದನು. ಕಿಂದರಿ ಅಥವಾ ಕಿನ್ನರಿ ಎಂಬುದು ಸೋರೆಯ ಬುರುಡೆಗಳನ್ನು ಕಟ್ಟಿದ ತಂತಿವಾದ್ಯ. ಅದನ್ನು ಮೀಟುತ್ತ ಮಹಾಭಾರತದ ಕಥೆಗಳನ್ನು ಹಾಡಿ ಊರೂರು ತಿರುಗುವ ಕಿನ್ನರಿ ಜೋಗಿಗಳು ನಮ್ಮ ನಾಡಿನಲ್ಲಿ ಇದ್ದವರೇ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ, ಹಳ್ಳಿಯ ಮಕ್ಕಳು ಹೆದರುತ್ತಲೇ ಬೆನ್ನು ಹತ್ತುವ ಜೋಗಿಗಿಂತ ತಕ್ಕ ಪಾತ್ರ ಈ ಕಥೆಗೆ ಸಿಕ್ಕುತ್ತಿರಲಿಲ್ಲ.

1992ರ ಸುಮಾರಿನಲ್ಲಿ ನಾನು ಹೊನ್ನಾಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಆಗ ನ್ಯಾಮತಿ ತಾಲ್ಲೂಕಾಗಿರಲಿಲ್ಲ. ಅದೂ ಹೊನ್ನಾಳಿಗೇ ಸೇರಿತ್ತು. ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಅದು ರಚನೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ, ತುಂಗಭದ್ರೆಯಾಗಿ ಹೊನ್ನಾಳಿಯ ಪಕ್ಕದಲ್ಲಿ ಹರಿಯುತ್ತಾಳೆ. ಈ ಕವನವನ್ನು ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, “ಹಾಗಾದ್ರೆ ಆ ಇಲಿಗಳೆಲ್ಲ ತೇಲ್ಕೊಂಡು ನಮ್ಮೂರಿಗೇ ಬಂದಿರ್ಬೇಕಲ್ಲ, ಸಾರ್?” ಎಂದು ಕೇಳಿದನು. ತರಗತಿ ನಕ್ಕಿತು. ನನಗೆ ಮಾತ್ರ ಆ ಪ್ರಶ್ನೆಯಲ್ಲಿ ಒಂದು ನಾಟಕವೇ ಕಂಡಿತು. ವಾರ್ಷಿಕೋತ್ಸವಕ್ಕೆ ಕಿಂದರಿಜೋಗಿಯನ್ನೇ ಆಡುವುದೆಂದು ಅಂದೇ ಗೊತ್ತುಮಾಡಿದೆವು.

ಮಕ್ಕಳ ನಾಟಕಕ್ಕೆ ಕಥೆಯನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಎಷ್ಟು ಮಕ್ಕಳಿಗೆ ಅದರಲ್ಲಿ ಎಡೆಯಿದೆ ಎಂಬುದನ್ನು. ರಾಜ, ರಾಣಿ, ಮಂತ್ರಿ ಎಂದು ನಾಲ್ವರಿಗೆ ಪಾತ್ರ ಕೊಟ್ಟು ಉಳಿದ ಐವತ್ತು ಜನರನ್ನು ಕುರ್ಚಿ ಹೊರಲು ಹಚ್ಚುವ ನಾಟಕ ಶಾಲೆಗೆ ತಕ್ಕುದಲ್ಲ. ಕಿಂದರಿಜೋಗಿಯಲ್ಲಿ ಎಷ್ಟು ಮಂದಿ ಬಂದರೂ ಇಲಿಗಳಾಗಬಹುದು. ಇನ್ನೊಂದು ಅನುಕೂಲವನ್ನು ನಾನು ಮೊದಲು ಗಮನಿಸಿರಲಿಲ್ಲ. ಇಲಿಗಳು ಹೊಳೆಯಲ್ಲಿ ಮುಳುಗಿದ ಮೇಲೆ ಆ ಮಕ್ಕಳಿಗೆ ಕೆಲಸವಿಲ್ಲ. ಆದುದರಿಂದ ಅವರೇ ಬಾಲವನ್ನು ಬಿಚ್ಚಿಟ್ಟು ಊರಿನ ಮಕ್ಕಳಾಗಿ ಬರಲೆಂದು ಹೇಳಿದೆ. ಜನರ ಕೊರತೆಯಿಂದ ಮಾಡಿದ ಈ ಏರ್ಪಾಡು ನಾಟಕಕ್ಕೆ ಒಂದು ಹೊಸ ಅರ್ಥವನ್ನೇ ತಂದಿತು. ಮೊದಲ ಸಲ ಜೋಗಿಯ ಹಿಂದೆ ಹೋಗಿ ಮುಳುಗಿದ ಮುಖಗಳೇ ಎರಡನೆಯ ಸಲವೂ ಅವನ ಹಿಂದೆ ಹೊರಟಾಗ, ಮುಂದೇನಾಗುವುದೋ ಎಂಬ ಭಯ ನೋಡುವವರನ್ನು ತಾನಾಗಿಯೇ ಹಿಡಿಯುತ್ತದೆ. ಅದನ್ನು ಮಾತಿನಲ್ಲಿ ಹೇಳಬೇಕಾಗುವುದಿಲ್ಲ.

ಇಲಿಯ ವೇಷವೆಂದರೇನು? ಹಳೆಯ ದಿನಪತ್ರಿಕೆಗಳನ್ನು ನೆನೆಸಿ, ಮೈದಾಹಿಟ್ಟಿನ ಅಂಟು ಕಲಸಿ, ಮಡಕೆಯ ಮೇಲೆ ಮೆತ್ತಿ ಒಣಗಿಸಿದರೆ ಮುಖವಾಡವಾಗುತ್ತದೆ. ನಾವು ಹಾಗೆ ಮೂವತ್ತು ಮುಖವಾಡಗಳನ್ನು ಮಾಡಿ ಶಾಲೆಯ ಕೋಣೆಯಲ್ಲಿ ಸಾಲಾಗಿ ಒಣಗಲಿಟ್ಟೆವು. ನಮ್ಮದು ಭದ್ರಾ ನಾಲೆಯ ಭತ್ತದ ಸೀಮೆ, ಇಲಿಗಳಿಗೆ ಬರವಿಲ್ಲ. ಸೋಮವಾರ ಬಾಗಿಲು ತೆರೆದು ನೋಡಿದರೆ ಮುಕ್ಕಾಲು ಪಾಲು ಮುಖವಾಡಗಳನ್ನು ನಿಜವಾದ ಇಲಿಗಳು ತಿಂದುಹಾಕಿದ್ದವು! ಅಂಟಿಗೆ ಒಂದಿಷ್ಟು ಮೈಲುತುತ್ತ ಬೆರೆಸಬೇಕೆಂದು ಬಳಿಕ ಯಾರೋ ಹೇಳಿದರು. ಆದರೆ ಅಷ್ಟರಲ್ಲಿ ಮಕ್ಕಳು ಮುಖವಾಡವಿಲ್ಲದೆಯೇ ಇಲಿಗಳಾಗುವುದನ್ನು ಕಲಿತಿದ್ದರು. ಎರಡು ಕೈಗಳನ್ನು ಗಲ್ಲದ ಬಳಿ ಮಡಿಚಿ, ಮೂಗನ್ನು ಮಿಡುಕಿಸುತ್ತ, ಸರಕ್ಕನೆ ನಾಲ್ಕು ಹೆಜ್ಜೆ ಓಡಿ ಥಟ್ಟನೆ ನಿಲ್ಲುವುದು, ಇಷ್ಟೇ. ಬೆನ್ನಿಗೆ ತೆಂಗಿನ ನಾರಿನ ಹಗ್ಗದ ಬಾಲ. ಮುಖವಾಡ ತೆಗೆದ ಮೇಲೆ ಮಕ್ಕಳ ಕಣ್ಣುಗಳು ಕಾಣತೊಡಗಿದವು. ಇಲಿಗಳು ಮಾಡಿದ ಉಪಕಾರವೆಂದೇ ನಾನು ತಿಳಿದಿದ್ದೇನೆ.

ಹೊಳೆಗೆ ಒಂದು ನೀಲಿ ಸೀರೆ ಸಾಕು. ಇಬ್ಬರು ಹುಡುಗಿಯರು ಎರಡು ತುದಿ ಹಿಡಿದು ಅಲುಗಿಸಿದರೆ ಅಲೆಗಳೇಳುತ್ತವೆ. ಇಲಿಗಳು ಒಂದೊಂದಾಗಿ ಅದರ ಕೆಳಗೆ ನುಸುಳಿ ಮಾಯವಾಗುತ್ತವೆ. ಕೊನೆಯ ಇಲಿ ಮುಳುಗಿದೊಡನೆ ತಾಳ, ತಮಟೆ, ಡಬ್ಬಗಳ ಸದ್ದೆಲ್ಲ ಒಮ್ಮೆಲೇ ನಿಲ್ಲಬೇಕು. ಆ ಮೌನದಲ್ಲಿ ಸೀರೆ ಮಾತ್ರ ಮೆಲ್ಲಗೆ ಅಲುಗಬೇಕು. ಸಂಗೀತವನ್ನು ಎಲ್ಲಿ ಆರಂಭಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಯಲು ನಮ್ಮ ಮೇಳಕ್ಕೆ ಹದಿನೈದು ದಿನ ಹಿಡಿಯಿತು. ಮುಂದೆ ನಾನು ವರ್ಗವಾಗಿ ಜಗಳೂರಿಗೆ ಹೋದಾಗ ಅಲ್ಲಿಯ ಮಕ್ಕಳಿಂದಲೂ ಇದೇ ನಾಟಕ ಮಾಡಿಸಿದೆ. ಮಳೆ ಕಡಿಮೆಯಾದ ಆ ಸೀಮೆಯ ಮಕ್ಕಳು ನೀಲಿ ಸೀರೆಯನ್ನು ನೋಡಿ, “ನಮ್ಮೂರಲ್ಲಿ ಹೊಳೇನೇ ಇಲ್ವಲ್ಲ ಸಾರ್, ಇಲಿ ಎಲ್ಲಿ ಮುಳುಗ್ಬೇಕು?” ಎಂದರು. ಕೆರೆಯಲ್ಲಿ ಎಂದೆ. ಕೆರೆಯಲ್ಲಿ ನೀರಿಲ್ಲ ಎಂದರು. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು: ಜೋಗಿ ಮೊದಲು ಮಳೆಯನ್ನು ಕರೆಯುವ ಹಾಡು ನುಡಿಸಬೇಕು, ಕೆರೆ ತುಂಬಬೇಕು, ಆಮೇಲೆ ಇಲಿಗಳು ಮುಳುಗಬೇಕು. ನಾಟಕದ ಆ ಭಾಗಕ್ಕೆ ಅಲ್ಲಿಯ ಹಿರಿಯರು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ; ಇಲಿಗಳಿಗಾಗಿ ಅಲ್ಲ. ತುಂಗಭದ್ರೆಯ ನೀರನ್ನು ಎತ್ತಿ ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆ ರೂಪುಗೊಂಡದ್ದು ಅದೆಷ್ಟೋ ವರ್ಷಗಳ ಅನಂತರ.

ಹೊನ್ನಾಳಿಯ ನಾಟಕಕ್ಕೆ ಮರಳೋಣ. ಪಾತ್ರ ಹಂಚುವ ಕೆಲಸ ಎಲ್ಲಕ್ಕಿಂತ ಕಠಿನವಾದುದು. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯದೆ ಹೋದರೆ ಈ ಲೇಖನ ಅರ್ಧ ಮಾತ್ರ ನಿಜವಾಗುತ್ತದೆ.

ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಎಳವೆಯಲ್ಲಿ ಪೋಲಿಯೊ ತಗುಲಿ ಅವನ ಎಡಗಾಲು ಬಡವಾಗಿತ್ತು. ಮೊಣಕಾಲಿನ ಮೇಲೆ ಕೈಯೂರಿ ನಡೆಯುತ್ತಿದ್ದನು. ಕಂಠ ಮಾತ್ರ ಅಪೂರ್ವವಾದುದು. ಅವನ ಅಜ್ಜ ಭಜನೆಯ ಮೇಳದಲ್ಲಿ ಏಕತಾರಿ ಹಿಡಿಯುತ್ತಿದ್ದವರು. ಆ ಹಾಡುಗಾರಿಕೆ ಇವನಿಗೆ ಬಂದಿತ್ತು. ಮೊದಲ ದಿನ ಅವನ ಹಾಡನ್ನು ಕೇಳಿದೊಡನೆ ಎಲ್ಲರ ಎದುರಿಗೆ, “ನಮ್ಮ ಜೋಗಿ ನೀನೇ ಕಣಯ್ಯ” ಎಂದುಬಿಟ್ಟೆ. ಅವನು ಅಂದೇ ಸಂಜೆ ಅಜ್ಜನಿಂದ ಒಂದು ಸೋರೆ ಬುರುಡೆಯನ್ನು ಬೇಡಿ, ಬಿದಿರು ಕಟ್ಟಿ, ಕಿಂದರಿಯೊಂದನ್ನು ಮಾಡಿಕೊಂಡು ಬಂದನು.

ಒಂದು ವಾರ ಕಳೆಯಿತು. ಪರದೆಗೂ ದೀಪಕ್ಕೂ ಹಣ ಬೇಕಾಯಿತು. ಊರಿನ ಹಿರಿಯರೊಬ್ಬರು ಉದಾರವಾಗಿ ಕೊಟ್ಟರು. ಅವರ ಮಗನೂ ಅದೇ ತರಗತಿಯಲ್ಲಿದ್ದನು. ಎತ್ತರದ ಆಳು, ನೋಡಲು ಲಕ್ಷಣವಾಗಿದ್ದನು. ತಂದೆಯಾಗಲಿ ಮಗನಾಗಲಿ ನನ್ನನ್ನು ಏನೂ ಕೇಳಲಿಲ್ಲ. ಕೇಳದಿದ್ದರೂ ಕೇಳಿದಂತೆ ನಾನೇ ಭಾವಿಸಿಕೊಂಡೆ. ಜೋಗಿಯ ಪಾತ್ರವನ್ನು ಆ ಹುಡುಗನಿಗೆ ಕೊಟ್ಟು, ಇವನನ್ನು ಕರೆದು, ಕೊನೆಯಲ್ಲಿ ಹಿಂದೆ ಉಳಿಯುವ ಬಾಲಕನ ಪಾತ್ರ ನಿನಗೇ ಸಹಜವಾಗಿ ಒಪ್ಪುತ್ತದೆ ಎಂದೆ. ಸಹಜ ಎಂಬ ಮಾತನ್ನು ಎಷ್ಟು ಸಲೀಸಾಗಿ ಆಡಿದೆನೋ! ಅವನು ಸ್ವಲ್ಪ ಹೊತ್ತು ನೆಲವನ್ನು ನೋಡುತ್ತ ನಿಂತಿದ್ದು, “ಕುಂಟೋದನ್ನ ನಾನು ಅಭ್ಯಾಸ ಮಾಡ್ಬೇಕಾಗಿಲ್ಲ ಸಾರ್. ಹಾಡೋದನ್ನ ಮಾಡಿದ್ದೆ” ಎಂದನು. ಮರುದಿನದಿಂದ ಅಭ್ಯಾಸಕ್ಕೆ ಬರಲಿಲ್ಲ.

ನಮ್ಮ ನಾಟಕದಲ್ಲಿ ಗೌಡನ ಪಾತ್ರವನ್ನು ವಹಿಸಿದ್ದವಳು ಒಬ್ಬ ಹುಡುಗಿ. ಉಣ್ಣೆಯ ದಾರದ ಮೀಸೆಯನ್ನು ಅಂಟಿಸಿಕೊಂಡು ಅವಳು ನಡೆಯುವ ಠೀವಿಯನ್ನು ನೋಡಿ ಊರಿನ ನಿಜವಾದ ಗೌಡರೇ ನಕ್ಕಿದ್ದರು. ಜೋಗಿ ಬಂದು ಹಣ ಕೇಳುವ, ಗೌಡ ಕೊಡಲಾರೆನೆನ್ನುವ ದೃಶ್ಯವನ್ನು ಅಂದು ಅಭ್ಯಾಸ ಮಾಡುತ್ತಿದ್ದೆವು. ಅವಳಿಗೆ ಅದು ಸರಿಯಾಗಿ ಕೂಡಿಬರಲಿಲ್ಲ. ಗದರಿಸಿದರೆ ಖಳನಾಯಕನ ಹಾಗೆ ಕಾಣುತ್ತಿತ್ತು, ನಕ್ಕರೆ ಹುಡುಗಾಟವಾಗುತ್ತಿತ್ತು. ಎರಡು ಮೂರು ಸಲ ಯತ್ನಿಸಿ, “ಮಾತಿಗೆ ತಪ್ಪೋರ ಮುಖ ಹೇಗಿರುತ್ತೆ ಸಾರ್? ನೀವೇ ಒಂದ್ಸಲ ಮಾಡಿ ತೋರಿಸಿ” ಎಂದು ಕೇಳಿದಳು. ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಯಾವಾಗಲೂ ನಾನು ಹಾಗೆ ಅಭಿನಯಿಸಿ ತೋರಿಸುತ್ತಿದ್ದೆ. ಅಂದು ಮಾತ್ರ ನನ್ನಿಂದ ಆಗಲಿಲ್ಲ. ಅಭ್ಯಾಸ ಸಾಕೆಂದು ಹೇಳಿ ಮಕ್ಕಳನ್ನು ಮನೆಗೆ ಕಳುಹಿಸಿದೆ.

ಸಂಜೆ ಸೈಕಲ್ಲು ಹತ್ತಿ ಆ ಹುಡುಗನ ಹಳ್ಳಿಗೆ ಹೋದೆ. ನ್ಯಾಮತಿಯ ರಸ್ತೆಯಿಂದ ಒಳಗೆ ಎರಡು ಮೈಲಿ. ಅವನ ತಾಯಿ, “ಬರ್ರೀ ಸಾರ್, ಕುಂತ್ಕಳ್ರಿ” ಎಂದು ಚಾಪೆ ಹಾಸಿ, ಮಗನಿಂದ ಏನೋ ಅಪರಾಧವಾಗಿರಬೇಕೆಂದು ಹೆದರಿ ನಿಂತಿದ್ದಳು. ತಪ್ಪು ನನ್ನದು ಎಂದು ಹೇಳಿದರೆ ಆಕೆಗೆ ನಂಬಿಕೆಯಾಗಲಿಲ್ಲ. ಮೇಷ್ಟ್ರು ಹಾಗೆಲ್ಲ ಅನ್ನಬಾರದು ಎಂದಳು. ಹುಡುಗ ಗೋಡೆಗೊರಗಿ ನಿಂತು ಎಲ್ಲವನ್ನೂ ಕೇಳುತ್ತಿದ್ದನು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ನಾನು ಸೈಕಲ್ಲು ಹತ್ತುವಾಗ ಹಿಂದಿನಿಂದ, “ಜೋಗಿ ಬೇಗ ಬೇಗ ನಡೀಬೇಕಾ ಸಾರ್?” ಎಂದು ಕೇಳಿದನು.

ಅದನ್ನು ನಾನು ಆಲೋಚಿಸಿಯೇ ಇರಲಿಲ್ಲ. ಜೋಗಿ ಮುಂದೆ ನಡೆಯುವವನು. ಮುಂದೆ ನಡೆಯುವವನ ಹೆಜ್ಜೆಗೆ ಉಳಿದವರು ಹೊಂದಿಕೊಳ್ಳಬೇಕಲ್ಲದೆ, ಅವನು ಅವರಿಗೆ ಹೊಂದಿಕೊಳ್ಳುವುದಿಲ್ಲ. ಮರುದಿನದಿಂದ ಇಡೀ ನಾಟಕದ ತಾಳವೇ ಬದಲಾಯಿತು. ಓಡುತ್ತಿದ್ದ ಇಲಿಗಳು ಅವನ ಒಂದು ದೀರ್ಘ, ಒಂದು ಹ್ರಸ್ವ ಹೆಜ್ಜೆಗೆ ತಕ್ಕಂತೆ ಸಾಗಬೇಕಾಯಿತು. ತಮಟೆಯ ಹುಡುಗನು ಆ ಹೆಜ್ಜೆಯನ್ನೇ ನೋಡಿ ಹೊಸ ಪೆಟ್ಟನ್ನು ಹೊಂದಿಸಿದನು. ಅದುವರೆಗೆ ಗುಂಪಾಗಿ ನುಗ್ಗುತ್ತಿದ್ದ ಮಕ್ಕಳು ಸಾಲಾಗಿ, ಮೋಡಿಗೆ ಸಿಕ್ಕವರಂತೆ ತೂಗುತ್ತ ನಡೆಯತೊಡಗಿದರು. ಹಣ ಕೊಟ್ಟ ಹಿರಿಯರ ಮಗನು ನಾನು ಅಂಜಿದಂತೆ ಮುನಿಸಿಕೊಳ್ಳಲಿಲ್ಲ. “ನಂಗೆ ಹಾಡೋಕ್ಕೆ ಬರಲ್ಲ ಅಂತ ನಿಮಗೆ ಗೊತ್ತೇ ಇತ್ತಲ್ಲ ಸಾರ್” ಎಂದು ಹೇಳಿ ಅವನು ಮುದಿ ಇಲಿಯಾದನು. ಕಾಳು ಕದಿಯುವ ದೃಶ್ಯದಲ್ಲಿ ಎಲ್ಲರಿಗಿಂತ ಹೆಚ್ಚು ನಗಿಸಿದವನೂ ಅವನೇ.

ಇನ್ನು ಹಿಂದೆ ಉಳಿಯುವ ಬಾಲಕನ ಪಾತ್ರ. ಅದನ್ನು ಬೇರೆ ಒಬ್ಬ ಹುಡುಗನಿಗೆ ಕೊಟ್ಟೆವು. ಅವನು ಮೊದಮೊದಲು ಕುಂಟಿ ನಡೆದಾಗ ಇಲಿಗಳೆಲ್ಲ ಬಿದ್ದು ಬಿದ್ದು ನಕ್ಕವು. ನಮ್ಮ ಜೋಗಿ ಕಿಂದರಿಯನ್ನು ಕೆಳಗಿಟ್ಟು ಅವನ ಬಳಿಗೆ ಹೋಗಿ, ಭಾರವನ್ನು ಎಲ್ಲಿ ಊರಬೇಕು, ನೋವನ್ನು ಮರೆಸಲು ಮುಖವನ್ನು ಹೇಗೆ ಬೇರೆ ಕಡೆಗೆ ತಿರುಗಿಸಬೇಕು ಎಂಬುದನ್ನು ತೋರಿಸಿಕೊಟ್ಟನು. ಆಮೇಲೆ ಯಾರೂ ನಗಲಿಲ್ಲ. ಅಭಿನಯವೆಂದರೆ ಅನುಕರಣ ಎಂದು ನಾವು ಪುಸ್ತಕದಲ್ಲಿ ಓದುತ್ತೇವೆ. ಏನನ್ನು ಅನುಕರಿಸಬೇಕು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ನಾಟಕದ ದಿನ ಶಾಲೆಯ ಅಂಗಳದ ತುಂಬ ಜನ. ಮೊದಲ ದೃಶ್ಯ ಮುಗಿಯುವಷ್ಟರಲ್ಲಿ ವಿದ್ಯುತ್ತು ಹೋಯಿತು. ಜನರಲ್ಲಿಯೇ ಒಬ್ಬರು ಓಡಿ ಹೋಗಿ ಮದುವೆಗೆ ಬಾಡಿಗೆ ಕೊಡುವ ಗ್ಯಾಸ್‌ಲೈಟುಗಳನ್ನು ಹಚ್ಚಿ ತಂದರು. ಅವುಗಳ ಬೆಳಕಿನಲ್ಲಿ ಮಕ್ಕಳ ನೆರಳುಗಳು ಗೋಡೆಯ ಮೇಲೆ ದೊಡ್ಡ ಇಲಿಗಳಾಗಿ ಹರಿದಾಡಿದವು. ಅಂಥ ದೃಶ್ಯವನ್ನು ನಾವು ಯೋಜಿಸಿ ಮಾಡಲು ಸಾಧ್ಯವಿರಲಿಲ್ಲ. ಗೌಡನು ಮಾತಿಗೆ ತಪ್ಪಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬಳು, “ಕೊಡೋ, ಅವನ ದುಡ್ಡು ಅವನಿಗೆ ಕೊಡೋ!” ಎಂದು ಕೂಗಿದಳು. ಕೂಡಲೇ ನಾಲ್ಕೂ ಕಡೆಯಿಂದ ಕೂಗು ಎದ್ದಿತು. ಮೀಸೆಯ ಹುಡುಗಿ ಬೆದರಲಿಲ್ಲ. ಜನರ ಕಡೆಗೆ ತಿರುಗಿ ನೋಡಿ, ಮೆಲ್ಲಗೆ ತನ್ನ ಚೀಲದ ಬಾಯಿಯನ್ನು ಬಿಗಿದಳು. ಮುಖದಲ್ಲಿ ಕೋಪವೂ ಇಲ್ಲ, ನಗುವೂ ಇಲ್ಲ; ಕಣ್ಣುಗಳು ಮಾತ್ರ ಜೋಗಿಯನ್ನು ಬಿಟ್ಟು ಬೇರೆಲ್ಲ ಕಡೆಗೂ ಓಡಾಡುತ್ತಿದ್ದವು. ಅದನ್ನು ಅವಳು ಎಲ್ಲಿ ನೋಡಿ ಕಲಿತಳೆಂದು ನಾನು ಕೇಳಲಿಲ್ಲ.

ಕೊನೆಯ ದೃಶ್ಯದಲ್ಲಿ ಜೋಗಿ ರಂಗದಿಂದ ಇಳಿದು, ಜನರ ನಡುವಿನ ದಾರಿಯಲ್ಲಿ ಹಾದು, ಅಂಗಳದಾಚೆಯ ಕತ್ತಲೆಗೆ ಹೋಗಬೇಕೆಂದು ನಾವು ಗೊತ್ತುಮಾಡಿದ್ದೆವು. ಹಾಡುತ್ತ ಅವನು ಇಳಿದನು. ಅವನ ಹೆಜ್ಜೆಗೆ ತೂಗುತ್ತ ನಮ್ಮ ಮೂವತ್ತು ಮಕ್ಕಳು ಇಳಿದರು. ಜನ ದಾರಿ ಬಿಟ್ಟರು. ಆಗ ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತಿದ್ದ ಮೂರು ನಾಲ್ಕು ವರ್ಷದ ಒಂದು ಮಗು ಎದ್ದು ಸಾಲಿನ ಕೊನೆಗೆ ಸೇರಿತು. ಅದನ್ನು ನೋಡಿ ಇನ್ನೊಂದು ಎದ್ದಿತು. ನಾವು ನೋಡುತ್ತಿರುವಂತೆಯೇ ಊರಿನ ಹತ್ತು ಹನ್ನೆರಡು ಕೂಸುಗಳು ಕಿಂದರಿಯ ಹಿಂದೆ ಕತ್ತಲೆಯೊಳಗೆ ನಡೆದುಬಿಟ್ಟವು. ಒಂದು ಕ್ಷಣ ಸಭೆಯೆಲ್ಲ ಸ್ತಬ್ಧವಾಯಿತು. ಮರುಕ್ಷಣ ತಾಯಂದಿರು ಮಕ್ಕಳ ಹೆಸರು ಹಿಡಿದು ಕೂಗುತ್ತ ಎದ್ದು ಓಡಿದರು. ನಾನು ಗ್ಯಾಸ್‌ಲೈಟು ಹಿಡಿದು ಹಿಂದೆ ಹೋಗಿ ನೋಡುವಾಗ, ಶಾಲೆಯ ಹಿಂಭಾಗದ ಹುಣಿಸೆಮರದ ಕೆಳಗೆ ನಮ್ಮ ಜೋಗಿ ಕಾಲು ಚಾಚಿ ಕುಳಿತಿದ್ದನು. ಕೂಸುಗಳು ಸುತ್ತ ಕುಳಿತಿದ್ದವು. ಪ್ರತಿಯೊಂದು ಮಗುವಿನ ತಾಯಿಯೂ ಬಂದು ಎತ್ತಿಕೊಳ್ಳುವವರೆಗೆ ಅವನು ಹಾಡುವುದನ್ನು ನಿಲ್ಲಿಸಲಿಲ್ಲ.